ಹಳಿ ಕಟ್ಟಿದ ಊರು: ದಾವಣಗೆರೆ ಮತ್ತು ಹರಿಹರ ರೈಲು ನಿಲ್ದಾಣಗಳ ಚರಿತ್ರೆ

ಒಂದು ಊರಿನ ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣು ಕೋಟೆ, ಗುಡಿ, ಮಸೀದಿ, ಶಾಸನಗಳನ್ನು ಹುಡುಕುತ್ತದೆ. ಚಿತ್ರದುರ್ಗಕ್ಕೆ ಏಳುಸುತ್ತಿನ ಕೋಟೆಯಿದೆ. ಹರಿಹರಕ್ಕೆ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿದೆ. ದಾವಣಗೆರೆಯ ಮಾತು ಬಂದಾಗ ಮಾತ್ರ "ಅದು ವ್ಯಾಪಾರದ ಊರು, ಅಲ್ಲಿ ನೋಡುವಂಥ ಹಳೆಯದು ಏನಿದೆ?" ಎಂದು ಕೇಳುವವರೇ ಹೆಚ್ಚು. ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ನಂಬಿದ್ದಾರೆ. ಆದರೆ ಇಂದಿನ ದಾವಣಗೆರೆಯನ್ನು ರೂಪಿಸಿದ ಚರಿತ್ರೆ ನಾವು ದಿನವೂ ದಾಟಿ ಹೋಗುವ ಜಾಗದಲ್ಲಿಯೇ ಇದೆ. ಅದು ನಮ್ಮ ರೈಲು ನಿಲ್ದಾಣ, ಮತ್ತು ಅದರ ಮುಂದಿನಿಂದ ಹಾದು ಹದಿನಾಲ್ಕು ಕಿಲೋಮೀಟರ್ ಆಚೆಗಿನ ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವ ಹಳಿ.

ಈ ಹಳಿ ಹಾಕಿದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿ ವಿಕ್ಟೋರಿಯಾ ರಾಣಿ ಇದ್ದಳು, ಮೈಸೂರಿನ ಸಿಂಹಾಸನದಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಇದ್ದರು. ಅಂದು ಎರಡು ಬೇರೆ ಬೇರೆ ಪಟ್ಟಣಗಳಾಗಿದ್ದ ದಾವಣಗೆರೆ ಮತ್ತು ಹರಿಹರ ಇಂದು ಒಂದೇ ನಗರಾಭಿವೃದ್ಧಿ ಪ್ರಾಧಿಕಾರದ ಕೆಳಗಿರುವ ಅವಳಿ ಊರುಗಳು. ಓದಿಗೆ, ಕೆಲಸಕ್ಕೆ, ಆಸ್ಪತ್ರೆಗೆ, ಮದುವೆ ಸಾಮಾನಿಗೆ ಜನ ಬೆಳಿಗ್ಗೆ ಆ ಊರಿಂದ ಈ ಊರಿಗೆ ಬಂದು ಸಂಜೆ ಹಿಂತಿರುಗುತ್ತಾರೆ. ಈ ಎರಡು ನಿಲ್ದಾಣಗಳ ಕಥೆಯನ್ನು ತಿಳಿದಷ್ಟು ಮಟ್ಟಿಗೆ ಇಲ್ಲಿ ನಿರೂಪಿಸುವ ಪ್ರಯತ್ನ ಮಾಡಲಾಗಿದೆ.

ಗಾಡಿ ದಾರಿಯ ಕಾಲ

ಹದಿನೆಂಟನೆಯ ಶತಮಾನದವರೆಗೆ ದಾವಣಗೆರೆ ಒಂದು ಸಣ್ಣ ಹಳ್ಳಿ. ನವಾಬ್ ಹೈದರ್ ಅಲಿ ಇದನ್ನು ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವ್ಯಾಪಾರಸ್ಥರನ್ನು ಕರೆಸಿ ನೆಲೆಗೊಳಿಸಿದನೆಂದೂ ಗೆಜೆಟಿಯರುಗಳು ಹೇಳುತ್ತವೆ. ಆಪೋಜಿರಾಮನಿಗೆ ವಾರಸುದಾರರಿರಲಿಲ್ಲ. ಆದರೂ ಆತ ತೀರಿಕೊಂಡ ಮೇಲೂ ವರ್ತಕರಿಗೆ ಸರ್ಕಾರದ ಪ್ರೋತ್ಸಾಹ ನಿಲ್ಲಲಿಲ್ಲ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗಕ್ಕೂ ಬಂದು, ಇಲ್ಲಿ ನೇಯುತ್ತಿದ್ದ ಉತ್ತಮ ಕಂಬಳಿಗಳ ಬಗ್ಗೆ ಬರೆದಿಟ್ಟಿದ್ದಾನೆ.

ಆ ಕಾಲದ ದಾವಣಗೆರೆಯ ಮುಖ ಪೂರ್ವಕ್ಕಿತ್ತು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ಎತ್ತಿನ ಗಾಡಿಗಳ ಸಾಲು ತಮಿಳು ಸೀಮೆಯ ವಾಲಾಜಾಪೇಟೆಗೆ ಹೊರಡುತ್ತಿತ್ತು. ಬರುವಾಗ ಅದೇ ಗಾಡಿಗಳಲ್ಲಿ ಉಪ್ಪು, ಮದ್ರಾಸಿನ ಸಾಮಾನು, ಸೀಮೆಯಿಂದ ಬಂದ ಸರಕು ಇರುತ್ತಿತ್ತು. ನೂರಾರು ಮೈಲಿಯ ಈ ಪ್ರಯಾಣಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತಿತ್ತು. ಮಳೆ ಹಿಡಿದರೆ ದಾರಿ ಬಂದ್. ಎತ್ತು ಸತ್ತರೆ ಬಂಡವಾಳವೇ ಹೋದಂತೆ. ಹೀಗಿದ್ದರೂ ಊರು ಬೆಳೆಯಿತು, ಪೇಟೆಯಾಯಿತು. ಇದರ ಅರ್ಥ ಇಷ್ಟೇ: ದಾವಣಗೆರೆಯ ವ್ಯಾಪಾರವನ್ನು ರೈಲು ಹುಟ್ಟಿಸಲಿಲ್ಲ. ವ್ಯಾಪಾರ ಮೊದಲೇ ಇತ್ತು, ರೈಲು ಅದರ ದಿಕ್ಕನ್ನು ಬದಲಿಸಿತು.

ಬರ ತಂದ ರೈಲು

ಮೈಸೂರು ಸಂಸ್ಥಾನಕ್ಕೆ ಮೊದಲ ರೈಲು ಬಂದದ್ದು 1864ರಲ್ಲಿ. ಮದ್ರಾಸ್ ರೈಲ್ವೆಯ ಆ ಹಳಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದು ನಿಂತುಬಿಟ್ಟಿತು. ಸಂಸ್ಥಾನದ ಒಳನಾಡಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅದರ ಬೆಲೆ ಎಷ್ಟೆಂಬುದು 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ತಿಳಿಯಿತು. ಹೊರಗಿನಿಂದ ರೈಲಿನಲ್ಲಿ ಧಾನ್ಯ ಬೆಂಗಳೂರಿಗೆ ಬಂದು ಬೀಳುತ್ತಿತ್ತು. ಅಲ್ಲಿಂದ ಮುಂದೆ ತುಮಕೂರು, ಚಿತ್ರದುರ್ಗದ ಹಳ್ಳಿಗಳಿಗೆ ಸಾಗಿಸಲು ಗಾಡಿಗಳು ಬೇಕಿದ್ದವು. ಗಾಡಿ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಒಂದು ಕಡೆ ಧಾನ್ಯದ ರಾಶಿ, ಇನ್ನೊಂದು ಕಡೆ ಹಸಿದ ಜನ, ನಡುವೆ ದಾರಿಯಿಲ್ಲ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರದಷ್ಟಿತ್ತು. ಹತ್ತು ವರ್ಷದ ನಂತರ, 1881ರಲ್ಲಿ, ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿದಿತ್ತು. ಈ ಲೆಕ್ಕವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನಮ್ಮ ಊರಿಗೆ ರೈಲು ಬಂದದ್ದರ ಹಿಂದೆ ಕಂಪನಿಗಳ ಲಾಭದ ಆಸೆಯಿತ್ತು, ಸೈನ್ಯ ಸಾಗಿಸುವ ಅಗತ್ಯವಿತ್ತು. ಅವುಗಳ ಜೊತೆಗೆ ಹಸಿವಿನಿಂದ ಸತ್ತ ಲಕ್ಷಾಂತರ ಜನರ ನೆನಪೂ ಇತ್ತು.

ಬರಗಾಲದ ನಂತರ ನೇಮಕವಾದ ಆಯೋಗ, ಬರಪೀಡಿತ ಪ್ರದೇಶಗಳಿಗೆ ರೈಲು ಮಾರ್ಗಗಳು ಆಗಬೇಕೆಂದು 1880ರಲ್ಲಿ ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿಕೊಂಡಿತು. ಬಿಜಾಪುರ, ಗದಗ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಹಳಿಯಿಂದ ಜೋಡಿಸುವ ಕೆಲಸ ಅದರದಾಯಿತು.

ಮೈಸೂರಿನ ಕಡೆಯಿಂದಲೂ ಕೆಲಸ ಸಾಗಿತ್ತು. ಬೆಂಗಳೂರು–ಮೈಸೂರು ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ದಿವಾನ್ ರಂಗಾಚಾರ್ಲು ಅವರ ನಂತರ 1883ರಲ್ಲಿ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1884ರಲ್ಲಿ, ಬೆಂಗಳೂರಿನಿಂದ ತುಮಕೂರು ದಾಟಿ ಗುಬ್ಬಿಯವರೆಗೆ ರೈಲು ಓಡಿತು. ಅಲ್ಲಿಂದ ಮುಂದಕ್ಕೆ ಸಂಸ್ಥಾನದ ಬೊಕ್ಕಸಕ್ಕೆ ಭಾರವಾಯಿತು. ಆಗ ಸದರ್ನ್ ಮರಾಠಾ ಕಂಪನಿಯೊಡನೆ ಒಪ್ಪಂದವಾಯಿತು. ಕಂಪನಿ ಇಂಗ್ಲೆಂಡಿನಲ್ಲಿ ಸಾಲ ಎತ್ತಿ ಗುಬ್ಬಿಯಿಂದ ಹರಿಹರದವರೆಗೆ ಹಳಿ ಹಾಕುವುದು, ಮೈಸೂರಿನ ರೈಲುಗಳನ್ನು ತಾನೇ ನಡೆಸುವುದು ಎಂದು ನಿರ್ಧಾರವಾಯಿತು.

ಹಳಿ ಬಂದ ವರ್ಷ

ಗುಬ್ಬಿಯಿಂದ ತಿಪಟೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆಗಳ ಮೂಲಕ ಹರಿಹರದವರೆಗಿನ ಮಾರ್ಗ 1889ರಲ್ಲಿ ಪೂರ್ಣವಾಯಿತು. ತುಂಗಭದ್ರೆಯ ಆಚೆ ಹುಬ್ಬಳ್ಳಿಯ ಕಡೆಯ ಹಳಿಯೊಡನೆ ಇದು ಕೂಡಿಕೊಂಡಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಬೆಂಗಳೂರಿನಿಂದ ಪುಣೆಯವರೆಗೆ ಒಂದೇ ಅಳತೆಯ ಹಳಿಯ ಮೇಲೆ ಪ್ರಯಾಣಿಸುವುದು ಸಾಧ್ಯವಾಯಿತು. ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೂ ದಾರಿ ತೆರೆಯಿತು.

ಈ ಹಳಿ ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ ಒಂದು ಮೀಟರ್. ಮದ್ರಾಸ್ ರೈಲ್ವೆಯ ಬ್ರಾಡ್ ಗೇಜ್ ಹಳಿ 1676 ಮಿಲಿಮೀಟರ್ ಅಗಲದ್ದು. ಸಣ್ಣ ಹಳಿಗೆ ಖರ್ಚು ಕಡಿಮೆ, ಬೇಗ ಹಾಕಬಹುದು ಎಂಬ ಕಾರಣಕ್ಕೆ 1870ರ ಹೊತ್ತಿಗೆ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಸರ್ಕಾರ ಈ ಅಳತೆಯನ್ನು ಒಪ್ಪಿಕೊಂಡಿತ್ತು. ಬರಗಾಲದ ನಾಡಿಗೆ ಅಗ್ಗದ ಹಳಿ ಸಾಕೆಂಬ ತೀರ್ಮಾನ ಅದು. ಅದರ ಪರಿಣಾಮವನ್ನು ನಾವು ನೂರು ವರ್ಷ ಅನುಭವಿಸಿದೆವು. ಗೇಜ್ ಬದಲಾಗುವ ಕಡೆಯಲ್ಲೆಲ್ಲ ಮೂಟೆಗಳನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಮದ್ರಾಸಿಗೆ ಹೋಗುವ ಸರಕಿಗೆ ಬೆಂಗಳೂರಿನಲ್ಲಿ, ಮುಂಬಯಿಗೆ ಹೋಗುವ ಸರಕಿಗೆ ಪುಣೆಯಲ್ಲಿ ಈ ತೊಂದರೆ ತಪ್ಪುತ್ತಿರಲಿಲ್ಲ.

ಆದರೂ ವಾಲಾಜಾಪೇಟೆಯ ಗಾಡಿ ದಾರಿಯ ಮುಂದೆ ಇದು ಎಷ್ಟೋ ಮೇಲು. ದಾವಣಗೆರೆಯ ವರ್ತಕರು ಪೂರ್ವದಿಂದ ಮುಖ ತಿರುಗಿಸಿ ಹುಬ್ಬಳ್ಳಿ, ಪುಣೆ, ಮುಂಬಯಿಯ ಕಡೆ ನೋಡತೊಡಗಿದರು. 1901ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಸುಮಾರು ಹತ್ತು ಸಾವಿರ. 2011ರ ಜನಗಣತಿಯಲ್ಲಿ ಅದು ನಾಲ್ಕು ಲಕ್ಷವನ್ನು ಮೀರಿತ್ತು. ಇದಕ್ಕೆ ನೀರು, ರಸ್ತೆ, ವಿದ್ಯಾಸಂಸ್ಥೆ ಮುಂತಾದ ಅನೇಕ ಕಾರಣಗಳಿವೆ. ಮೊದಲ ಕಾರಣ ಮಾತ್ರ 1889ರ ಹಳಿಯೇ.

ಗಡಿಯ ನಿಲ್ದಾಣ ಹರಿಹರ

ಹರಿಹರದ ಮಹತ್ವ ಬೇರೆ ರೀತಿಯದು. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ಕಡೆ ಕನ್ನಡವೇ, ಎರಡೂ ಕಡೆ ಬೀಗತನದ ನಂಟುಗಳು, ಆದರೆ ಸರ್ಕಾರ ಬೇರೆ, ಕಾನೂನು ಬೇರೆ. 1865ರವರೆಗೆ ಹರಿಹರದಲ್ಲಿ ಸೈನ್ಯದ ದಂಡು ಇತ್ತು. 1868ರಲ್ಲಿ ಬೆಂಗಳೂರು–ಧಾರವಾಡ ರಸ್ತೆಗಾಗಿ ಹೊಳೆಗೆ ಕಲ್ಲು–ಇಟ್ಟಿಗೆಯ ಸೇತುವೆ ಕಟ್ಟಲಾಯಿತು. ತಲಾ 60 ಅಡಿ ಅಗಲದ 14 ಕಮಾನುಗಳ ಆ ಸೇತುವೆ ಆ ಕಾಲಕ್ಕೆ ದೊಡ್ಡ ಕೆಲಸವೆಂದು ಹೆಸರಾಯಿತು. ಇಪ್ಪತ್ತು ವರ್ಷದ ನಂತರ ರೈಲಿಗೂ ಇದೇ ಊರಿನಲ್ಲಿ ಹೊಳೆಯ ಮೇಲೆ ಸೇತುವೆಯಾಯಿತು.

ಹೀಗೆ ಹರಿಹರ, ಸಂಸ್ಥಾನದ ಉತ್ತರ ದಿಕ್ಕಿನ ರೈಲು ಬಾಗಿಲಾಯಿತು. ಮೈಸೂರಿನಿಂದ ಹೊರಟವರಿಗೆ ಇದು ನಮ್ಮ ರಾಜ್ಯದ ಕೊನೆಯ ನಿಲ್ದಾಣ, ಧಾರವಾಡದಿಂದ ಬಂದವರಿಗೆ ಮೊದಲನೆಯದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗುವವರೆಗೆ ಈ ಗಡಿ ಉಳಿದಿತ್ತು. ಕರ್ನಾಟಕದ ಏಕೀಕರಣದ ಬಗ್ಗೆ ಮಾತನಾಡುವಾಗ ನಾವು ಸಮ್ಮೇಳನಗಳನ್ನು, ನಾಯಕರ ಭಾಷಣಗಳನ್ನು ನೆನೆಯುತ್ತೇವೆ. ಅದಕ್ಕೆ ಅರವತ್ತು ವರ್ಷಕ್ಕೂ ಮೊದಲೇ ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕೂತ ಹಾವೇರಿಯ ರೈತ, ದಾವಣಗೆರೆಯ ಹಮಾಲಿ, ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಬ್ಬರಿಗೊಬ್ಬರು ಕನ್ನಡದಲ್ಲಿಯೇ ಜಾಗ ಕೇಳಿಕೊಂಡು ಪ್ರಯಾಣ ಮಾಡುತ್ತಿದ್ದರು. ರಾಜಕೀಯವಾಗಿ ಒಂದಾಗುವ ಮೊದಲು ಈ ನಾಡನ್ನು ಬೆಸೆದ ಕೆಲವೇ ಸಂಗತಿಗಳಲ್ಲಿ ಈ ಹಳಿಯೂ ಒಂದು.

ಆಡಳಿತ ಹಲವು ಕೈ ಬದಲಾಯಿಸಿತು. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮತ್ತು ಮದ್ರಾಸ್ ರೈಲ್ವೆ ಸೇರಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. ಬೆಂಗಳೂರು–ಹರಿಹರ ಮಾರ್ಗವನ್ನು ಮೈಸೂರು ಸಂಸ್ಥಾನ ತನ್ನ ಕೈಗೆ ತೆಗೆದುಕೊಂಡದ್ದು 1930ರ ದಶಕದ ಕೊನೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ. ಸ್ವಾತಂತ್ರ್ಯಾನಂತರ, 1951ರ ಏಪ್ರಿಲ್ 14ರಂದು, ದಕ್ಷಿಣ ರೈಲ್ವೆ ರಚನೆಯಾಗಿ ಮೈಸೂರು ರೈಲ್ವೆ ಅದರಲ್ಲಿ ಸೇರಿತು. 2003ರ ಏಪ್ರಿಲ್ 1ರಿಂದ ನಮ್ಮ ಎರಡೂ ನಿಲ್ದಾಣಗಳು ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿವೆ.

ಹಳೆಯ ನಿಲ್ದಾಣದ ದಿನಚರಿ

ಇಂದಿನ ವಿದ್ಯಾರ್ಥಿಗೆ ನಿಲ್ದಾಣ ಎಂದರೆ ಮೊಬೈಲಿನಲ್ಲಿ ನೋಡಿದ ಸಮಯಕ್ಕೆ ಹೋಗಿ ರೈಲು ಹತ್ತುವ ಜಾಗ. ಉಗಿಬಂಡಿಯ ಕಾಲದಲ್ಲಿ ಅದು ನೂರು ಕೆಲಸಗಳ ಒಂದು ಕಾರ್ಖಾನೆಯಂತಿತ್ತು.

ಒಂಟಿ ಹಳಿಯಲ್ಲಿ ಎರಡು ರೈಲುಗಳು ಎದುರುಬದುರಾಗದಂತೆ ನೋಡಿಕೊಳ್ಳುವುದೇ ದೊಡ್ಡ ಜವಾಬ್ದಾರಿ. ಅದಕ್ಕಾಗಿ ಟೋಕನ್ ಪದ್ಧತಿ ಇತ್ತು. ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಬರುವಂತೆ ಯಂತ್ರಗಳನ್ನು ತಂತಿಯಿಂದ ಜೋಡಿಸಿರುತ್ತಿದ್ದರು. ಆ ಲೋಹದ ಟೋಕನ್ ಕೈಗೆ ಬಂದರೆ ಮಾತ್ರ ಡ್ರೈವರ್ ಮುಂದೆ ಹೋಗಬಹುದು. ನಿಲ್ಲದೆ ಹೋಗುವ ಗಾಡಿಗೆ ಟೋಕನನ್ನು ದೊಡ್ಡ ಬಳೆಗೆ ಕಟ್ಟಿ ಕೈಯೆತ್ತಿ ಹಿಡಿದರೆ, ಓಡುವ ಇಂಜಿನ್ನಿನಿಂದ ತೋಳು ಚಾಚಿ ತೆಗೆದುಕೊಳ್ಳುತ್ತಿದ್ದರು. ಅಷ್ಟೊಂದು ಜನರ ಪ್ರಾಣ ಆ ಒಂದು ತುಂಡು ಲೋಹದ ಮೇಲೆ ನಿಂತಿತ್ತು.

ಟಿಕೆಟ್ಟು ದಪ್ಪ ರಟ್ಟಿನ ಸಣ್ಣ ತುಂಡು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬ ನಿಲ್ದಾಣದ ನೌಕರ ಕಂಡುಹಿಡಿದ ಈ ಬಗೆಯ ಟಿಕೆಟ್ಟು ನಮ್ಮಲ್ಲಿ ಕಂಪ್ಯೂಟರ್ ಬರುವವರೆಗೂ ನಡೆಯಿತು. ಪ್ರತಿ ಟಿಕೆಟ್ಟಿಗೂ ಕ್ರಮಸಂಖ್ಯೆ ಇದ್ದುದರಿಂದ ಲೆಕ್ಕ ತಪ್ಪುವಂತಿರಲಿಲ್ಲ.

ಇನ್ನೊಂದು ಸಂಗತಿ ಸಮಯದ್ದು. ರೈಲು ಬರುವ ಮೊದಲು ಊರಿನ ಸಮಯ ಸೂರ್ಯ ನೋಡಿ, ನಮಾಜಿನ ಅಜಾನ್ ಕೇಳಿ, ಗುಡಿಯ ಗಂಟೆ ಕೇಳಿ ನಡೆಯುತ್ತಿತ್ತು. ರೈಲು ತನ್ನದೇ ಗಡಿಯಾರ ತಂದಿತು. ಆಗ ಭಾರತದ ರೈಲುಗಳು ಮದ್ರಾಸ್ ಸಮಯದಂತೆ ಓಡುತ್ತಿದ್ದವು. ಇಡೀ ದೇಶಕ್ಕೆ ಒಂದೇ ಸಮಯ ಎಂಬ ಈಗಿನ ವ್ಯವಸ್ಥೆ ಜಾರಿಗೆ ಬಂದದ್ದು 1906ರಲ್ಲಿ. ಐದು ನಿಮಿಷ ತಡವಾದರೆ ಗಾಡಿ ತಪ್ಪುತ್ತದೆ ಎಂಬ ಪಾಠವನ್ನು ನಮ್ಮ ಹಿರಿಯರಿಗೆ ಶಾಲೆಗಿಂತ ಮೊದಲು ಕಲಿಸಿದ್ದು ರೈಲು ನಿಲ್ದಾಣವೇ.

ಸ್ಟೇಷನ್ ಮಾಸ್ತರರ ಹೆಸರು ಫಲಕದಲ್ಲಿ ಇರುತ್ತಿತ್ತು. ಉಳಿದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಬಿಸಿಲಲ್ಲಿ ಹಳಿ ತಪಾಸಣೆ ಮಾಡುವ ಗ್ಯಾಂಗ್‌ಮನ್, ರಾತ್ರಿ ಕಂದೀಲು ಹಿಡಿದು ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಇಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್, ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಹಮಾಲರು, ಹೊರಗೆ ಕುದುರೆಗೆ ಹುಲ್ಲು ಹಾಕಿಕೊಂಡು ಕಾಯುವ ಜಟಕಾದವರು, ಚಹಾ ಮಾರುವವರು ಇವರೆಲ್ಲರೂ ಸೇರಿ ನಿಲ್ದಾಣ. ಜಟಕಾ ಓಡಿಸುವ, ಮೂಟೆ ಹೊರುವ, ಗಾಡಿ ರಿಪೇರಿ ಮಾಡುವ ಕಸುಬುಗಳಲ್ಲಿ ನಮ್ಮ ಸಮುದಾಯದ ಅನೇಕ ಮನೆತನಗಳು ಇದ್ದವು. ಓದು ಬರಹವಿಲ್ಲದ ಆ ತಲೆಮಾರು ಬೆವರು ಸುರಿಸಿ ಮಕ್ಕಳ ಕೈಗೆ ಸ್ಲೇಟು ಕೊಟ್ಟಿದ್ದರಿಂದಲೇ ಇಂದು ನಾವು ಈ ಪುಟಗಳನ್ನು ಓದುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಹತ್ತಿ, ಲೇತು, ಮಂಡಕ್ಕಿ

ಹಳಿಯ ಪಕ್ಕದಲ್ಲಿ ಉದ್ಯಮಗಳು ಬೆಳೆದವು. ಸುತ್ತಲಿನ ಕಪ್ಪು ಭೂಮಿಯ ಹತ್ತಿ ದಾವಣಗೆರೆಗೆ ಬಂದು, ಇಲ್ಲಿನ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬೀಜ ಬಿಡಿಸಿಕೊಂಡು, ಅಂಡಿಗೆಯಾಗಿ ಗೂಡ್ಸ್ ಗಾಡಿ ಹತ್ತುತ್ತಿತ್ತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಆರಂಭವಾಯಿತು. ನಂತರ ಇನ್ನೂ ಹಲವು ಗಿರಣಿಗಳು ಬಂದು ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಯಂತ್ರಗಳೂ ಹತ್ತಿಯೂ ಬಟ್ಟೆಯೂ ರೈಲನ್ನೇ ನಂಬಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ನಿಂತವು. ಇಂದು ಡಿ.ಸಿ.ಎಂ. ಎಂಬ ಮೂರು ಅಕ್ಷರ ಬಡಾವಣೆಯ ಹೆಸರಾಗಿ ಮಾತ್ರ ಬಾಯಲ್ಲಿ ಉಳಿದಿದೆ.

ಹರಿಹರಕ್ಕೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಇಲ್ಲಿ ತಯಾರಾದ ಲೇತು ಯಂತ್ರಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳನ್ನು ಸೇರಿದವು. ಗಡಿಯ ಹೊಳೆ ದಂಡೆಯ ಸಣ್ಣ ಊರಿನಲ್ಲಿ ಅಂಥ ಕಾರ್ಖಾನೆ ನೆಲೆಯೂರಲು ಮೈಸೂರು ಸರ್ಕಾರದ ಪ್ರೋತ್ಸಾಹದ ಜೊತೆಗೆ ಮುಂಬಯಿ, ಬೆಂಗಳೂರು ಎರಡಕ್ಕೂ ಇದ್ದ ನೇರ ರೈಲು ಸಂಪರ್ಕವೂ ಅನುಕೂಲವಾಯಿತು. 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ತಲೆಯೆತ್ತಿತು. ಕಿರ್ಲೋಸ್ಕರ್ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಮನೆಗಳ ಒಲೆಯ ಮೇಲೆ ಅದರ ಪೆಟ್ಟು ಬಿತ್ತು.

ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತದ ಬೆಳೆ ಹೆಚ್ಚಿತು, ಜೊತೆಗೆ ಮಂಡಕ್ಕಿ ಭಟ್ಟಿಗಳೂ ಹೆಚ್ಚಿದವು. ಹಳೇ ದಾವಣಗೆರೆಯ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ಕೂತು ದುಡಿಯುವವರಲ್ಲಿ ಹೆಚ್ಚಿನವರು ನಮ್ಮವರೇ. ಮಂಡಕ್ಕಿ–ಮಿರ್ಚಿ ದಾವಣಗೆರೆಯ ಗುರುತಾಯಿತು. ರೈಲಿನ ಕಿಟಕಿಯಲ್ಲಿ ಪೊಟ್ಟಣ ಹಿಡಿದು ಮಾರುವವನ ಕೂಗಿನಿಂದಲೇ ಊರು ಬಂತೆಂದು ಪ್ರಯಾಣಿಕರು ತಿಳಿಯುತ್ತಿದ್ದರು.

ಹಳಿಯ ಈಚೆ, ಹಳಿಯ ಆಚೆ

ಊರೂರುಗಳನ್ನು ಕೂಡಿಸಿದ ಹಳಿ ನಮ್ಮ ಊರನ್ನು ಮಾತ್ರ ಎರಡು ಮಾಡಿತು. ಇದನ್ನು ಹೇಳದೆ ಈ ಚರಿತ್ರೆ ಪೂರ್ಣವಾಗದು. ದಾವಣಗೆರೆಯಲ್ಲಿ ಹಳಿಯ ಒಂದು ಬದಿಗೆ ಹಳೇ ಪೇಟೆ, ಮಂಡಿಪೇಟೆ, ಆಜಾದ್ ನಗರ, ಭಾಷಾ ನಗರ. ಇನ್ನೊಂದು ಬದಿಗೆ ಹಳೆಯ ಪಿ.ಬಿ. ರಸ್ತೆ, ಪಿ.ಜೆ. ಬಡಾವಣೆ, ವಿದ್ಯಾನಗರ, ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು. 1889ರಲ್ಲಿ ಊರಿನ ಅಂಚಿನಲ್ಲಿ ಹಾಕಿದ ಹಳಿ, ಊರು ಆಚೆಗೂ ಬೆಳೆದ ಮೇಲೆ ನಡುವೆ ಬಂದು ಕೂತಿತು.

ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ಊರಿನ ಮಾತಿನಲ್ಲಿ ಬೆರೆತುಹೋಗಿತ್ತು. 'ಗೇಟು ಬಿತ್ತು' ಎಂದರೆ ಯಾಕೆ ತಡವಾಯಿತೆಂದು ಯಾರೂ ಮತ್ತೆ ಕೇಳುತ್ತಿರಲಿಲ್ಲ. ಪರೀಕ್ಷೆಗೆ ಹೊರಟ ಹುಡುಗಿ, ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದೊಯ್ಯುವ ಆಟೋ, ಮಂಡಕ್ಕಿ ಚೀಲ ಹೇರಿದ ತಳ್ಳುಗಾಡಿ ಎಲ್ಲರೂ ಅಲ್ಲಿ ಸಮಾನರಾಗಿ ಕಾಯುತ್ತಿದ್ದರು. ಆದರೆ ಕಾಯುವಿಕೆಯ ನಷ್ಟ ಸಮಾನವಾಗಿರಲಿಲ್ಲ. ಕಾಲೇಜು, ಕಚೇರಿ, ಆಸ್ಪತ್ರೆಗಳು ಹೆಚ್ಚಾಗಿ ಒಂದೇ ಬದಿಗೆ ಇದ್ದುದರಿಂದ ದಾಟಬೇಕಾದವರು ಇನ್ನೊಂದು ಬದಿಯವರೇ. ರೈಲುಗಳು ಹೆಚ್ಚಿದಂತೆ ಗೇಟು ಬೀಳುವುದೂ ಹೆಚ್ಚಿತು. ಬಹುಕಾಲದ ಬೇಡಿಕೆಯ ನಂತರ 2020ರ ದಶಕದ ಆರಂಭದಲ್ಲಿ ಅಲ್ಲಿ ಕೆಳಸೇತುವೆಯ ಕಾಮಗಾರಿ ನಡೆಯಿತು. ನಿಲ್ದಾಣದ ಚರಿತ್ರೆ ಬರೆಯುವವರು ಕಟ್ಟಡದ ಜೊತೆಗೆ ಈ ಗೇಟಿನ ಚರಿತ್ರೆಯನ್ನೂ ಬರೆಯಬೇಕು. ಒಂದು ಊರಿನಲ್ಲಿ ಶಿಕ್ಷಣ ಯಾರಿಗೆ ಹತ್ತಿರ, ಯಾರಿಗೆ ದೂರ ಎಂಬುದನ್ನು ಇಂಥ ಗೇಟುಗಳೇ ತೋರಿಸಿಕೊಡುತ್ತವೆ.

ಅಗಲವಾದ ಹಳಿ

ಮೀಟರ್ ಗೇಜ್ ಯುಗ ಮುಗಿದದ್ದು 1990ರ ದಶಕದಲ್ಲಿ. 1991ರಿಂದ 1995ರವರೆಗೆ ಕೇಂದ್ರ ರೈಲ್ವೆ ಸಚಿವರಾಗಿದ್ದ ಸಿ.ಕೆ. ಜಾಫರ್ ಷರೀಫ್ ಅವರು 1992ರಲ್ಲಿ ದೇಶದ ಸಣ್ಣ ಹಳಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವ ಯೂನಿಗೇಜ್ ಯೋಜನೆಯನ್ನು ಕೈಗೆತ್ತಿಕೊಂಡರು. ಅವರು 1933ರಲ್ಲಿ ಹುಟ್ಟಿದ್ದು ಚಳ್ಳಕೆರೆಯಲ್ಲಿ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಮ್ಮದೂ ಅವರದೂ ಒಂದೇ ಚಿತ್ರದುರ್ಗ ಜಿಲ್ಲೆ. ಬರದ ನಾಡಿಗೆ ಅಗ್ಗದ ಹಳಿ ಸಾಕು ಎಂದು ವಿಕ್ಟೋರಿಯಾ ಕಾಲದ ಸರ್ಕಾರ ಮಾಡಿದ್ದ ತೀರ್ಮಾನವನ್ನು ಬದಲಿಸಿದವರು ಅದೇ ಬರದ ನಾಡಿನಲ್ಲಿ ಹುಟ್ಟಿದವರು ಎಂಬುದು ಗಮನಿಸಬೇಕಾದ ಸಂಗತಿ. 2018ರಲ್ಲಿ ಅವರು ನಿಧನರಾದಾಗ ಪತ್ರಿಕೆಗಳು ಅವರನ್ನು ಮುಖ್ಯವಾಗಿ ನೆನೆದದ್ದು ಈ ಕೆಲಸಕ್ಕಾಗಿಯೇ.

1990ರ ದಶಕದ ಮಧ್ಯದಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್ ಗೇಜ್ ಆಯಿತು. ಮೂಟೆ ಇಳಿಸಿ ಏರಿಸುವ ಕಾಟ ತಪ್ಪಿತು. ದೂರದ ಊರುಗಳಿಗೆ ನೇರ ರೈಲುಗಳು ಬಂದವು. 2010ರ ದಶಕದಲ್ಲಿ ಕೊಟ್ಟೂರು–ಹರಿಹರ ಹೊಸ ಮಾರ್ಗ ಸಿದ್ಧವಾಗಿ, ಹರಿಹರದ ಪಕ್ಕದ ಅಮರಾವತಿ ಕಾಲೋನಿ ಜಂಕ್ಷನ್ ಆಯಿತು. ನಂತರ ಹಳಿ ಜೋಡಿಯಾಯಿತು, 2023ರ ಹೊತ್ತಿಗೆ ವಿದ್ಯುತ್ ತಂತಿಯೂ ಬಂತು. ಅದೇ ವರ್ಷದ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲಿಗೆ ದಾವಣಗೆರೆಯಲ್ಲಿ ನಿಲುಗಡೆ ದೊರೆಯಿತು. ಅದೇ ವರ್ಷ ಹರಿಹರ ನಿಲ್ದಾಣ ಅಮೃತ ಭಾರತ ಯೋಜನೆಯ ಪುನರಾಭಿವೃದ್ಧಿ ಪಟ್ಟಿಗೆ ಸೇರಿತು.

ಪರಂಪರೆ ಎಂದರೆ ಏನು?

ಇವೆಲ್ಲ ಸಂತೋಷದ ಸಂಗತಿಗಳೇ. ಅಂಗವಿಕಲರಿಗೆ ಇಳಿಜಾರು, ವೃದ್ಧರಿಗೆ ಲಿಫ್ಟು, ಹೆಣ್ಣುಮಕ್ಕಳಿಗೆ ಸುರಕ್ಷಿತ ತಂಗುಕೋಣೆ ಆಗಲೇಬೇಕು. ಹಳೆಯದು ಎಂಬ ಒಂದೇ ಕಾರಣಕ್ಕೆ ಸೋರುವ ಹೆಂಚನ್ನು ಉಳಿಸಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ. ಆದರೆ ಹೊಸದು ಬರುವಾಗ ಹಳೆಯದರ ಗುರುತನ್ನು ದಾಖಲೆ ಮಾಡಿಕೊಳ್ಳದಿದ್ದರೆ ನಷ್ಟ ನಮ್ಮದೇ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಕಾಲದ ಸಣ್ಣಪುಟ್ಟ ನಿಲ್ದಾಣಗಳಿಗೂ ಊರಿನವರೇ ಚರಿತ್ರೆ ಬರೆದಿದ್ದಾರೆ. ಮೈಸೂರಿನಲ್ಲಿ ರೈಲ್ವೆ ವಸ್ತುಸಂಗ್ರಹಾಲಯವಿದೆ, ಹುಬ್ಬಳ್ಳಿಯಲ್ಲಿಯೂ ಆಗಿದೆ. ದಾವಣಗೆರೆ, ಹರಿಹರದ ಕಥೆ ಮಾತ್ರ ಹಿರಿಯರ ನೆನಪಿನಲ್ಲಿ ಚದುರಿಹೋಗಿದೆ. ಮೀಟರ್ ಗೇಜ್ ಗಾಡಿಯಲ್ಲಿ ದುಡಿದವರಲ್ಲಿ ಅನೇಕರು ಈಗಾಗಲೇ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರು ಹೋದರೆ ಟೋಕನ್ ಬಳೆಯನ್ನು ಹೇಗೆ ಹಿಡಿಯಬೇಕಿತ್ತು, ಹತ್ತಿ ಅಂಡಿಗೆಗೆ ಹಮಾಲಿ ಎಷ್ಟು ಕೊಡುತ್ತಿದ್ದರು, ಜಟಕಾ ಸ್ಟ್ಯಾಂಡಿನಲ್ಲಿ ಸರದಿ ಹೇಗೆ ಇತ್ತು ಎಂದು ಹೇಳುವವರು ಇರುವುದಿಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ನಿಮ್ಮ ಮೊಹಲ್ಲಾದಲ್ಲಿ ರೈಲ್ವೆಯಲ್ಲಿ, ಗಿರಣಿಯಲ್ಲಿ, ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡಿದ ಹಿರಿಯರು ಇದ್ದರೆ ಒಂದು ಸಂಜೆ ಅವರ ಬಳಿ ಕೂತು ಕೇಳಿ, ಬರೆದುಕೊಳ್ಳಿ. ಮನೆಯ ಟ್ರಂಕಿನಲ್ಲಿ ಹಳೆಯ ರಟ್ಟಿನ ಟಿಕೆಟ್ಟು, ಪಾಸು, ಪಾರ್ಸಲ್ ರಸೀತಿ, ಫೋಟೋ ಇದ್ದರೆ ಗುಜರಿಗೆ ಹಾಕಬೇಡಿ. 1868ರ ಸೇತುವೆಯ ಕಮಾನುಗಳನ್ನು ಒಮ್ಮೆ ಹೋಗಿ ಎಣಿಸಿ, ನಿಮ್ಮ ಲೆಕ್ಕ ಹಳೆಯ ಗೆಜೆಟಿಯರಿನ ಲೆಕ್ಕಕ್ಕೆ ಸರಿಬರುತ್ತದೆಯೇ ನೋಡಿ. ನಮ್ಮ ಶಾಲೆ ಕಾಲೇಜುಗಳ ಇತಿಹಾಸ ವಿಭಾಗಗಳು ಇದನ್ನು ವರ್ಷಕ್ಕೊಂದು ಯೋಜನೆಯಾಗಿ ತೆಗೆದುಕೊಂಡರೆ ಮುಂದಿನ ಸಂಚಿಕೆಗಳಲ್ಲಿ ಅದರ ಫಲ ಕಾಣಬಹುದು.

ಇತಿಹಾಸ ರಾಜರದ್ದು ಮಾತ್ರ ಎಂದುಕೊಂಡವನಿಗೆ ತನ್ನ ಮನೆತನ ಚರಿತ್ರೆಯ ಹೊರಗೆ ಇದ್ದಂತೆ ಅನ್ನಿಸುತ್ತದೆ. ಮೂಟೆ ಹೊತ್ತ ತಾತನೂ, ಗೇಟಿನಲ್ಲಿ ಕಾದ ಅಮ್ಮನೂ ಅದರೊಳಗೇ ಇದ್ದಾರೆ ಎಂದು ತಿಳಿದ ಹುಡುಗ, ಹುಡುಗಿ ತಲೆಯೆತ್ತಿ ನಡೆಯುತ್ತಾರೆ. ಬರಗಾಲದಲ್ಲಿ ದಾರಿಯಿಲ್ಲದೆ ಧಾನ್ಯ ಜನರನ್ನು ಮುಟ್ಟಲಿಲ್ಲ. ಇಂದು ಧಾನ್ಯಕ್ಕೆ ದಾರಿಯಿದೆ. ವಿದ್ಯೆಗೂ ಅಂಥದೇ ಒಂದು ದಾರಿ ಹಳಿಯ ಎರಡೂ ಬದಿಗೆ ಸಮನಾಗಿ ಆಗಬೇಕಾದ ಕೆಲಸ ಇನ್ನೂ ಉಳಿದಿದೆ. ಅದನ್ನು ಮುಂದುವರಿಸುವ ಹೊಣೆ ನಮ್ಮ ಮೇಲಿದೆ.